ಅವಧಾನದ ಕೊರತೆಗೆ ಎರಡು ಬಗೆಯ ಔಷಧಗಳು

ಮನಸ್ಸು ಚಂಚಲವಾದದ್ದೆಂಬ ಮಾತು ನಮ್ಮಲ್ಲಿ ಹೊಸದಲ್ಲ. ಅದನ್ನು ಕೋತಿಗೆ ಹೋಲಿಸಿದವರುಂಟು, ಗಾಳಿಗೆ ಹೋಲಿಸಿದವರುಂಟು. ಆದರೆ ಎಲ್ಲರಲ್ಲಿಯೂ ಇಷ್ಟಿಷ್ಟು ಇರುವ ಈ ಚಂಚಲತೆಯು ಕೆಲವು ಮಕ್ಕಳಲ್ಲಿ ಅಳತೆ ಮೀರಿ, ಅವರ ಓದು, ಆಟ, ಗೆಳೆತನ ಎಲ್ಲವನ್ನೂ ಕೆಡಿಸುವಷ್ಟು ಬೆಳೆದಾಗ ವೈದ್ಯರು ಅದನ್ನು ಸ್ವಭಾವವೆನ್ನದೆ ಒಂದು ತೊಂದರೆಯೆಂದು ಗುರುತಿಸುತ್ತಾರೆ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಅದರ ಹೆಸರು. ಹೆಸರು ಉದ್ದವಾದದ್ದರಿಂದ ಎ.ಡಿ.ಎಚ್.ಡಿ. ಎಂದು ಕರೆಯುವದೇ ರೂಢಿಯಾಗಿದೆ. ಇದಕ್ಕೆ ಕೊಡುವ ಔಷಧಗಳಲ್ಲಿ ಎರಡು ಕುಲಗಳಿವೆ: ಉತ್ತೇಜಕ ಮತ್ತು ಅನುತ್ತೇಜಕ. ಇವುಗಳಲ್ಲಿ ಮೇಲಾದದ್ದು ಯಾವದು ಎಂಬ ಪ್ರಶ್ನೆಗೆ ಪುಸ್ತಕಗಳು ಕೊಡುವ ಉತ್ತರ ಒಂದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ದಾರಿಗಳು ಕೊಡುವ ಉತ್ತರ ಇನ್ನೊಂದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿನಿಗೆ ಔಷಧದ ಮಾತೇಕೆ ಎಂದು ಗುರುಗಳು ಕೇಳಬಹುದು. ನನ್ನ ವಿಷಯ ಅರ್ಥಶಾಸ್ತ್ರ. ಆದರೆ ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವಳು ನಾನೊಬ್ಬಳೇ ಆದದ್ದರಿಂದ, ತಮ್ಮನ ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಮಡಿಚಿಟ್ಟಿದ್ದ ಹಾಳೆಯು ನನ್ನ ಪಾಲಿಗೆ ಬಂದಿತು. ಅದನ್ನು ಅರ್ಥ ಮಾಡಿಕೊಳ್ಳಲು ಹೊರಟು ಓದಿದ್ದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇದು ವೈದ್ಯಸಲಹೆಯಲ್ಲವೆಂಬದನ್ನು ವಾಚಕರು ಮರೆಯಬಾರದು. ಇದನ್ನು ಓದಿ ಯಾರೂ ಗುಳಿಗೆಯನ್ನು ಕೊಳ್ಳಲೂ ಬಾರದು, ನುಂಗುತ್ತಿರುವದನ್ನು ಬಿಡಲೂ ಬಾರದು.

ಮೊದಲು ತೊಂದರೆಯ ಲಕ್ಷಣ. ಅಮೇರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರಕಟಿಸಿದ ಕೈಪಿಡಿಯ ಐದನೆಯ ಆವೃತ್ತಿಯು ಲಕ್ಷಣಗಳನ್ನು ಎರಡು ಗುಂಪುಗಳಲ್ಲಿ ಇಡುತ್ತದೆ. ಒಂದು ಗುಂಪು ಗಮನಕ್ಕೆ ಸಂಬಂಧಿಸಿದ್ದು: ಎದುರಿಗೆ ನಿಂತು ಹೇಳಿದರೂ ಕೇಳಿಸದಂತಿರುವದು, ಹಿಡಿದ ಕೆಲಸವನ್ನು ನಡುವೆಯೇ ಬಿಡುವದು, ಪೆನ್ನು ಪುಸ್ತಕಗಳನ್ನು ಕಳೆಯುವದು, ದಿನನಿತ್ಯದ ಕೆಲಸವನ್ನೇ ಮರೆಯುವದು ಮುಂತಾದವು. ಇನ್ನೊಂದು ಗುಂಪು ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ್ದು: ಕುಳಿತಲ್ಲಿ ಕೂಡಲಾಗದಿರುವದು, ಸರದಿ ಕಾಯಲಾಗದಿರುವದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಒದರುವದು ಮುಂತಾದವು. ಒಂದೊಂದು ಗುಂಪಿನಲ್ಲಿ ೯ ಲಕ್ಷಣಗಳಿವೆ. ಯಾವದಾದರೂ ಒಂದು ಗುಂಪಿನ ೬ ಲಕ್ಷಣಗಳು ಆರು ತಿಂಗಳಾದರೂ ನೆಲೆ ನಿಂತಿರಬೇಕು. ೧೭ ವರ್ಷ ಮತ್ತು ಮೇಲ್ಪಟ್ಟವರಲ್ಲಿ ೫ ಇದ್ದರೆ ಸಾಕು. ಅವುಗಳಲ್ಲಿ ಕೆಲವಾದರೂ ೧೨ ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಅವು ಒಂದೇ ಕಡೆಗೆ ಅಲ್ಲ, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಿ ಕಾಣಬೇಕು. ಮಾಸ್ತರರ ತಾಸಿನಲ್ಲಿ ಮಾತ್ರ ಗದ್ದಲ ಮಾಡಿ ಮನೆಯಲ್ಲಿ ಶಾಂತನಾಗಿರುವ ಹುಡುಗನಿಗೆ ಈ ತೊಂದರೆ ಇಲ್ಲ. ಅವನ ತೊಂದರೆ ಮಾಸ್ತರರೇ ಇರಬಹುದು.

ಜಗತ್ತಿನ ಲೆಕ್ಕದಲ್ಲಿ ನೂರು ಮಕ್ಕಳಿಗೆ ಸುಮಾರು ೫ ಮಂದಿಗೆ ಇದು ಇದೆಯೆಂದು ಅಂದಾಜು. ಹುಡುಗಿಯರಲ್ಲಿ ಕುಣಿದಾಟಕ್ಕಿಂತ ಮರೆವು ಮತ್ತು ಮೈಮರೆವುಗಳೇ ಹೆಚ್ಚಾಗಿ ಕಾಣುವದರಿಂದ, ಅವರನ್ನು ಯಾರೂ ಗುರುತಿಸುವದಿಲ್ಲ. ಕಿಟಕಿಯಿಂದಾಚೆ ನೋಡುತ್ತ ಕುಳಿತ ಹುಡುಗಿಯಿಂದ ತರಗತಿಗೆ ಯಾವ ತೊಂದರೆಯೂ ಇಲ್ಲವಷ್ಟೆ! ಇನ್ನೊಂದು ಎಚ್ಚರಿಕೆಯೂ ಬೇಕು. ಕಣ್ಣು ಮಂದವಾದ ಮಗು, ಕಿವಿ ಸೋರುವ ಮಗು, ರಕ್ತಹೀನತೆಯ ಮಗು, ರಾತ್ರಿ ಸರಿಯಾಗಿ ನಿದ್ದೆಯಿಲ್ಲದ ಮಗು, ಕ್ಷಣಕಾಲ ಎಚ್ಚರ ತಪ್ಪುವ ಬಗೆಯ ಅಪಸ್ಮಾರವಿರುವ ಮಗು, ಇವರೆಲ್ಲರೂ ತರಗತಿಯಲ್ಲಿ ಗಮನವಿಲ್ಲದವರಂತೆಯೇ ಕಾಣುತ್ತಾರೆ. ಅದಕ್ಕಾಗಿ ಔಷಧಕ್ಕೆ ಮೊದಲು ಪರೀಕ್ಷೆ. ೨೦೧೩ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳಲ್ಲಿ ತಪಾಸಣೆ ಮಾಡಬೇಕೆಂದು ಗೊತ್ತುಪಡಿಸಿದ ತೊಂದರೆಗಳ ಪಟ್ಟಿಯಲ್ಲಿ ಎ.ಡಿ.ಎಚ್.ಡಿ.ಯೂ ಇದೆ. ಶಾಲೆಗೆ ಬರುವ ವೈದ್ಯತಂಡವು ಹಲ್ಲು ಕಣ್ಣುಗಳನ್ನು ಮಾತ್ರ ನೋಡಿ ಹೋಗಬೇಕಾದದ್ದಲ್ಲ ಎಂಬದು ನಮ್ಮಲ್ಲಿ ಎಷ್ಟು ಪಾಲಕರಿಗೆ ಗೊತ್ತು?

ಇನ್ನು ಉತ್ತೇಜಕಗಳ ವಿಚಾರ. ಇವುಗಳ ಉಪಯೋಗ ಕಂಡದ್ದು ಒಂದು ಆಕಸ್ಮಿಕದಿಂದ. ಅಮೇರಿಕದ ರೋಡ್ ಐಲೆಂಡ್ ಪ್ರಾಂತದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿದ್ದರು. ಆಗಿನ ಕಾಲದ ಒಂದು ಮೆದುಳಿನ ಪರೀಕ್ಷೆಯ ತರುವಾಯ ಮಕ್ಕಳಿಗೆ ಬರುತ್ತಿದ್ದ ಘೋರ ತಲೆನೋವಿಗೆ ಉಪಾಯ ಹುಡುಕುತ್ತ ಅವರು ಬೆಂಜಿಡ್ರಿನ್ ಎಂಬ ಆ್ಯಂಫೆಟಮಿನ್ ಔಷಧವನ್ನು ಕೊಟ್ಟು ನೋಡಿದರು. ತಲೆನೋವು ಅಷ್ಟೇನೂ ಇಳಿಯಲಿಲ್ಲ. ಆದರೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಲೆಕ್ಕ ಮಾಡತೊಡಗಿದರು. ಅವರು ೩೦ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಎದ್ದು ಕಾಣುವ ಸುಧಾರಣೆಯಾಯಿತೆಂದು ೧೯೩೭ರಲ್ಲಿ ಪ್ರಕಟಿಸಿದರು. ಮಕ್ಕಳು ಆ ಗುಳಿಗೆಯನ್ನು ಲೆಕ್ಕದ ಗುಳಿಗೆ ಎಂದು ಕರೆಯುತ್ತಿದ್ದರಂತೆ. ಮುಂದೆ ೧೯೪೪ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪನಿಜ್ಜಾನ್ ಎಂಬ ರಸಾಯನಜ್ಞರು ಮಿಥೈಲ್‌ಫೆನಿಡೇಟ್ ಎಂಬ ವಸ್ತುವನ್ನು ತಯಾರಿಸಿದರು. ತಮ್ಮ ಹೆಂಡತಿ ರೀಟಾಳ ಹೆಸರಿನಿಂದ ಅದಕ್ಕೆ ರಿಟಾಲಿನ್ ಎಂದು ಹೆಸರಿಟ್ಟರು. ೧೯೫೦ರ ದಶಕದ ನಡುವಿನಲ್ಲಿ ಅದು ಮಾರಾಟಕ್ಕೆ ಬಂದಿತು. ಇಂದಿಗೂ ಉತ್ತೇಜಕಗಳಲ್ಲಿ ಮುಖ್ಯವಾದವು ಈ ಎರಡು ಕುಟುಂಬಗಳೇ. ನಮ್ಮ ದೇಶದಲ್ಲಿ ಈ ತೊಂದರೆಗೆ ಉತ್ತೇಜಕವೆಂದರೆ ಕಾರ್ಯತಃ ಮಿಥೈಲ್‌ಫೆನಿಡೇಟ್ ಒಂದೇ.

ಮೊದಲೇ ಕುಣಿಯುವ ಮಗುವಿಗೆ ಉತ್ತೇಜಕ ಕೊಟ್ಟರೆ ಇನ್ನಷ್ಟು ಕುಣಿಯಬೇಡವೇ? ನಮ್ಮಪ್ಪ ಕೇಳಿದ ಮೊದಲ ಪ್ರಶ್ನೆಯೂ ಇದೇ. ಬಂಡಿ ಹೊಡೆಯುವವನು ತೂಕಡಿಸುತ್ತಿದ್ದರೆ ಎತ್ತುಗಳು ದಾರಿ ಬಿಟ್ಟು ಕಬ್ಬಿನ ಹೊಲಕ್ಕೆ ಬಾಯಿ ಹಾಕುತ್ತವೆ. ಉತ್ತೇಜಕವು ಎಬ್ಬಿಸುವದು ಎತ್ತುಗಳನ್ನಲ್ಲ, ಹೊಡೆಯುವವನನ್ನು. ಹಣೆಯ ಹಿಂದೆ ಇರುವ ಮೆದುಳಿನ ಮುಂಭಾಗವೇ ಆ ಹೊಡೆಯುವವನು. ಯಾವದನ್ನು ನೋಡಬೇಕು, ಯಾವದನ್ನು ಬಿಡಬೇಕು, ಎಲ್ಲಿ ತಡೆಯಬೇಕು ಎಂಬದು ಅದರ ಕೆಲಸ. ಅಲ್ಲಿಯ ನರಗಳು ಒಂದಕ್ಕೊಂದು ಸಂದೇಶ ಕಳಿಸುವದು ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಎರಡು ದ್ರವ್ಯಗಳ ಮೂಲಕ. ಒಂದು ನರವು ದ್ರವ್ಯವನ್ನು ಬಿಡುತ್ತದೆ, ಕೆಲಸವಾದ ಮೇಲೆ ತಾನೇ ಅದನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಹೊಲಕ್ಕೆ ಬಿಟ್ಟ ನೀರು ಬಸಿಗಾಲುವೆಯಿಂದ ಹೊರಗೆ ಹೋದ ಹಾಗೆ. ಮಿಥೈಲ್‌ಫೆನಿಡೇಟ್ ಆ ಬಸಿಗಾಲುವೆಗೆ ಹಲಗೆ ಇಡುತ್ತದೆ. ಎರಡೂ ದ್ರವ್ಯಗಳು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತವೆ. ಆ್ಯಂಫೆಟಮಿನ್ ಹಲಗೆ ಇಡುವದಲ್ಲದೆ ಮೇಲಿನಿಂದ ಇನ್ನೂ ನೀರು ಬಿಡಿಸುತ್ತದೆ. ಆದರೆ ಕೃಷ್ಣೆಯ ದಂಡೆಯ ನಮ್ಮವರಿಗೆ ನೀರು ಹೆಚ್ಚಾದರೆ ಹೊಲ ಸವಳಾಗುವದೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಮೆದುಳಿನಲ್ಲಿಯೂ ಹಾಗೆಯೇ, ಕಡಿಮೆಯಾದರೆ ಗಮನ ನಿಲ್ಲದು, ಹೆಚ್ಚಾದರೂ ನಿಲ್ಲದು. ಪ್ರಮಾಣವನ್ನು ವೈದ್ಯರು ಕೆಳಗಿನಿಂದ ಮೆಲ್ಲಮೆಲ್ಲನೆ ಏರಿಸುವದು ಈ ಕಾರಣಕ್ಕೆ.

ಮಿಥೈಲ್‌ಫೆನಿಡೇಟಿನ ಗುಣವೆಂದರೆ ವೇಗ. ಸಾದಾ ಗುಳಿಗೆಯು ಅರ್ಧ ತಾಸು ಒಂದು ತಾಸಿನಲ್ಲಿ ಕೆಲಸ ಪ್ರಾರಂಭಿಸಿ ೩-೪ ತಾಸು ಇರುತ್ತದೆ. ಮೆಲ್ಲನೆ ಕರಗುವಂತೆ ಮಾಡಿದ ಗುಳಿಗೆಗಳು ೮ ರಿಂದ ೧೨ ತಾಸು. ಈ ದಿನ ಕೊಟ್ಟರೆ ಈ ದಿನವೇ ಗೊತ್ತಾಗುತ್ತದೆ. ಈ ದಿನ ಬಿಟ್ಟರೆ ಈ ದಿನವೇ ಹೋಗುತ್ತದೆ. ದೋಷಗಳೂ ಇವೆ. ಹಸಿವು ಕಡಿಮೆಯಾಗುತ್ತದೆ, ನಿದ್ದೆ ತಡವಾಗುತ್ತದೆ, ಹೊಟ್ಟೆನೋವು ತಲೆನೋವು ಬರುವದುಂಟು, ನಾಡಿ ಮತ್ತು ರಕ್ತದ ಒತ್ತಡ ತುಸು ಏರುತ್ತವೆ. ಹಲವು ವರ್ಷ ತೆಗೆದುಕೊಂಡರೆ ಎತ್ತರ ತುಸು ಕಡಿಮೆಯಾಗುವದೂ ಉಂಟು. ಅದಕ್ಕಾಗಿ ತೂಕ, ಎತ್ತರ, ನಾಡಿ, ಒತ್ತಡಗಳನ್ನು ಆಗಾಗ ಅಳೆಯಬೇಕು. ಹೃದಯದ ತೊಂದರೆಯಿದ್ದವರಿಗೆ ವಿಶೇಷ ಪರೀಕ್ಷೆ ಬೇಕು.

ಉತ್ತೇಜಕವೇ ಬೇಕಾದರೆ ಚಹಾ ಸಾಲದೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಚಹಾದಲ್ಲಿಯ ಕೆಫೀನನ್ನೂ ವೈದ್ಯರು ಪರೀಕ್ಷಿಸಿ ನೋಡಿದ್ದಾರೆ. ಅದು ಮಿಥೈಲ್‌ಫೆನಿಡೇಟಿಗೆ ಸರಿಗಟ್ಟಲಿಲ್ಲ. ನಿಪ್ಪಾಣಿಯ ತಂಬಾಕಿನಲ್ಲಿರುವ ನಿಕೋಟಿನ್ನೂ ಒಂದು ಉತ್ತೇಜಕವೇ. ಈ ತೊಂದರೆಗೆ ಚಿಕಿತ್ಸೆಯಿಲ್ಲದೆ ಬೆಳೆದವರು ಬೀಡಿ ಸಿಗರೇಟಿಗೆ ಬೇರೆಯವರಿಗಿಂತ ಬೇಗ ಒಲಿಯುವದು ಅಧ್ಯಯನಗಳಲ್ಲಿ ಕಂಡುಬಂದಿದೆ. ನಮ್ಮ ಸುತ್ತಲಿನ ಊರುಗಳಲ್ಲಿ ಹದಿನಾಲ್ಕಕ್ಕೇ ಶಾಲೆ ಬಿಟ್ಟು ಬೀಡಿ ಹಿಡಿದ ಹುಡುಗರಲ್ಲಿ ಇಂಥವರು ಎಷ್ಟು ಮಂದಿಯೋ ಎಂಬ ವಿಚಾರ ನನಗೆ ಬಂದಿದೆ.

ಅನುತ್ತೇಜಕಗಳಲ್ಲಿ ಮುಖ್ಯವಾದದ್ದು ಅಟೊಮಾಕ್ಸೆಟಿನ್. ಎಲಿ ಲಿಲ್ಲಿ ಎಂಬ ಅಮೇರಿಕದ ಕಂಪನಿಯು ಇದನ್ನು ಮೊದಲು ಮನಸ್ಸಿನ ಖಿನ್ನತೆಗೆಂದು ಪರೀಕ್ಷಿಸಿತ್ತು; ಆ ಕೆಲಸಕ್ಕೆ ಅದು ಒದಗಲಿಲ್ಲ. ೨೦೦೨ರಲ್ಲಿ ಅಮೇರಿಕದ ಸರಕಾರವು ಎ.ಡಿ.ಎಚ್.ಡಿ.ಗೆ ಅದನ್ನು ಒಪ್ಪಿಕೊಂಡಿತು. ಅದೂ ಬಸಿಗಾಲುವೆಗೆ ಹಲಗೆ ಇಡುವ ಔಷಧವೇ. ಆದರೆ ನಾರ್‌ಅಡ್ರಿನಲಿನ್ನಿನ ಕಾಲುವೆಗೆ ಮಾತ್ರ. ಮೆದುಳಿನ ಮುಂಭಾಗದಲ್ಲಿ ಡೋಪಮೈನ್ ಕೂಡ ಬಹಳಮಟ್ಟಿಗೆ ಆ ಕಾಲುವೆಯಿಂದಲೇ ಹರಿದುಹೋಗುವದರಿಂದ ಅಲ್ಲಿ ಎರಡೂ ನಿಲ್ಲುತ್ತವೆ. ಮೆದುಳಿನ ಒಳಗಡೆ ಸುಖದ ಚಟ ಹತ್ತಿಸುವ ಭಾಗದಲ್ಲಿ ಮಾತ್ರ ಡೋಪಮೈನ್ ಏರುವದಿಲ್ಲ. ಆದ್ದರಿಂದ ಇದನ್ನು ನಶೆಗಾಗಿ ಯಾರೂ ಬಯಸುವದಿಲ್ಲ, ಕಾನೂನು ಇದಕ್ಕೆ ಬೀಗ ಹಾಕಿಲ್ಲ. ಈ ಒಂದು ಭೇದದಿಂದ ಮುಂದಿನ ಎಷ್ಟು ಭೇದಗಳು ಹುಟ್ಟುತ್ತವೆ ಎಂಬದನ್ನು ಮುಂದೆ ನೋಡೋಣ.

ಇದರ ಸ್ವಭಾವವು ಮೊದಲಿನದಕ್ಕೆ ತೀರ ವಿರುದ್ಧ. ಒಂದು ದಿನದಲ್ಲಿ ಏನೂ ಆಗುವದಿಲ್ಲ. ಒಂದೆರಡು ವಾರದಲ್ಲಿ ಅಲ್ಪಸ್ವಲ್ಪ ಕಂಡರೆ ಪುಣ್ಯ. ಪೂರ್ಣ ಪರಿಣಾಮಕ್ಕೆ ೬ ರಿಂದ ೮ ವಾರ, ಕೆಲವರಲ್ಲಿ ೧೨ ವಾರಗಳೂ ಬೇಕು. ಆದರೆ ಒಮ್ಮೆ ನೆಲೆ ನಿಂತಿತೆಂದರೆ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮನಾಗಿ ಇರುತ್ತದೆ. ದೋಷಗಳೆಂದರೆ ವಾಕರಿಕೆ, ಬರಿಹೊಟ್ಟೆಯಲ್ಲಿ ಕೊಟ್ಟರಂತೂ ವಾಂತಿ, ತೂಕಡಿಕೆ, ಹಸಿವಿನ ಕೊರತೆ, ನಾಡಿಯ ಏರಿಕೆ. ಬಹು ಅಪರೂಪವಾಗಿ ಯಕೃತ್ತಿಗೆ ಪೆಟ್ಟಾಗುವದುಂಟು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಗಂಭೀರವಾದ ಎಚ್ಚರಿಕೆಯನ್ನು ಅಮೇರಿಕದ ಸರಕಾರವು ೨೦೦೫ರಲ್ಲಿ ಔಷಧದ ಮಾಹಿತಿಪತ್ರದಲ್ಲಿ ಚೌಕಟ್ಟು ಕಟ್ಟಿ ಹಾಕಿಸಿತು: ಪರೀಕ್ಷೆಗಳಲ್ಲಿ ಈ ಔಷಧ ತೆಗೆದುಕೊಂಡ ಸಾವಿರ ಮಕ್ಕಳಲ್ಲಿ ಸುಮಾರು ೪ ಮಂದಿಗೆ ಸಾಯುವ ವಿಚಾರಗಳು ಬಂದವು, ಸುಳ್ಳು ಗುಳಿಗೆ ಪಡೆದವರಲ್ಲಿ ಯಾರಿಗೂ ಬರಲಿಲ್ಲ. ಸಂಖ್ಯೆ ಸಣ್ಣದು. ಆದರೂ ಮೊದಲ ತಿಂಗಳುಗಳಲ್ಲಿ ಮಗು ಮಂಕಾದರೆ, ಸಿಡುಕತೊಡಗಿದರೆ ಮನೆಯವರು ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು.

ಕ್ಲೊನಿಡಿನ್ ಮತ್ತು ಗ್ವಾನ್‌ಫಸಿನ್ ಎಂಬ ಇನ್ನೆರಡು ಅನುತ್ತೇಜಕಗಳಿವೆ. ಎರಡೂ ಮೂಲತಃ ರಕ್ತದೊತ್ತಡದ ಔಷಧಗಳು. ನಿದ್ದೆ ಬಾರದ ಮಕ್ಕಳಿಗೆ, ಮುಖ ಕುತ್ತಿಗೆಗಳು ತಾವಾಗಿಯೇ ಅದುರುವ ಮಕ್ಕಳಿಗೆ ಅವು ಒದಗುತ್ತವೆ. ಅವುಗಳನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಜಿಗಿಯುತ್ತದೆ ಎಂಬದೊಂದನ್ನು ನೆನಪಿಟ್ಟರೆ ಇಲ್ಲಿಗೆ ಸಾಕು.

ಎರಡೂ ಕುಲಗಳನ್ನು ಎದುರುಬದುರು ನಿಲ್ಲಿಸಿದ ಪರೀಕ್ಷೆಗಳು ಆಗಿವೆ. ೨೦೦೮ರಲ್ಲಿ ಪ್ರಕಟವಾದ ಒಂದರಲ್ಲಿ ೬ ರಿಂದ ೧೬ ವರ್ಷದ ೫೧೬ ಮಕ್ಕಳಿದ್ದರು. ಆರು ವಾರಗಳ ಕೊನೆಗೆ, ಮೆಲ್ಲನೆ ಕರಗುವ ಮಿಥೈಲ್‌ಫೆನಿಡೇಟ್ ಪಡೆದವರಲ್ಲಿ ನೂರಕ್ಕೆ ೫೬, ಅಟೊಮಾಕ್ಸೆಟಿನ್ ಪಡೆದವರಲ್ಲಿ ೪೫, ಸುಳ್ಳು ಗುಳಿಗೆ ಪಡೆದವರಲ್ಲಿ ೨೪ ಮಂದಿಗೆ ಗುಣ ಕಂಡಿತು. ಉತ್ತೇಜಕವು ಮುಂದಿದೆ, ಸಂಶಯವಿಲ್ಲ. ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಆ ಪರೀಕ್ಷೆಯ ಎರಡನೆಯ ಭಾಗ. ಮಿಥೈಲ್‌ಫೆನಿಡೇಟಿನಿಂದ ಗುಣವಾಗದವರಿಗೆ ಅಟೊಮಾಕ್ಸೆಟಿನ್ ಕೊಟ್ಟಾಗ ಅವರಲ್ಲಿ ನೂರಕ್ಕೆ ೪೩ ಮಂದಿಗೆ ಗುಣವಾಯಿತು. ಅಟೊಮಾಕ್ಸೆಟಿನ್ನಿನಿಂದ ಗುಣವಾಗದವರಿಗೆ ಮಿಥೈಲ್‌ಫೆನಿಡೇಟ್ ಕೊಟ್ಟಾಗ ೪೨ ಮಂದಿಗೆ ಆಯಿತು. ಎಂದರೆ ಒಂದು ಬಾಗಿಲು ಮುಚ್ಚಿದ್ದಕ್ಕೆ ಇನ್ನೊಂದೂ ಮುಚ್ಚಿದೆಯೆಂದು ತಿಳಿಯಬಾರದು. ೨೦೧೮ರಲ್ಲಿ ೧೩೩ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ದೊಡ್ಡ ಅಧ್ಯಯನವೂ ಮಕ್ಕಳಿಗೆ ಮೊದಲು ಮಿಥೈಲ್‌ಫೆನಿಡೇಟ್, ದೊಡ್ಡವರಿಗೆ ಮೊದಲು ಆ್ಯಂಫೆಟಮಿನ್ ಎಂದು ಹೇಳಿತು. ಆರು ವರ್ಷದ ಒಳಗಿನ ಮಕ್ಕಳಿಗಾದರೆ ಮೊದಲು ಔಷಧವಲ್ಲ, ತಂದೆತಾಯಿಗಳಿಗೆ ಮಗುವನ್ನು ನಡೆಸಿಕೊಳ್ಳುವ ರೀತಿಯ ಶಿಕ್ಷಣ.

ಗುಳಿಗೆಯಿಂದ ಎಲ್ಲವೂ ಆಯಿತೆಂದು ಭಾವಿಸಬಾರದು. ೧೯೯೯ರಲ್ಲಿ ಅಮೇರಿಕದಲ್ಲಿ ೫೭೯ ಮಕ್ಕಳನ್ನು ೧೪ ತಿಂಗಳ ಕಾಲ ನೋಡಿದ ಪ್ರಸಿದ್ಧ ಅಧ್ಯಯನದಲ್ಲಿ, ಎಚ್ಚರಿಕೆಯಿಂದ ನಡೆಸಿದ ಔಷಧೋಪಚಾರವು ಬರಿಯ ನಡತೆಯ ಶಿಕ್ಷಣಕ್ಕಿಂತ ಲಕ್ಷಣಗಳನ್ನು ಹೆಚ್ಚು ಇಳಿಸಿತು. ಅದೇ ಮಕ್ಕಳನ್ನು ಮೂರು ವರ್ಷಗಳ ಹೊತ್ತಿಗೆ ನೋಡಿದಾಗ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ಮೊದಲಿನ ಕಟ್ಟುನಿಟ್ಟಾದ ಮೇಲ್ವಿಚಾರಣೆ ಆಗ ಇರಲಿಲ್ಲವೆಂಬದನ್ನೂ ಗಮನಿಸಬೇಕು. ಆ ಮಕ್ಕಳನ್ನು ತಿಂಗಳಿಗೊಮ್ಮೆ ಕರೆದು, ಅರ್ಧ ತಾಸು ಕೂಡಿಸಿ ಕೇಳಿ, ಮಾಸ್ತರರ ಅಭಿಪ್ರಾಯ ತರಿಸಿ ಪ್ರಮಾಣವನ್ನು ಸರಿಮಾಡುತ್ತಿದ್ದರು.

ಇಲ್ಲಿಂದ ಪುಸ್ತಕವನ್ನು ಬಿಟ್ಟು ನಮ್ಮ ದಾರಿಗೆ ಬರೋಣ. ಮಿಥೈಲ್‌ಫೆನಿಡೇಟ್ ನಮ್ಮ ದೇಶದ ೧೯೪೫ರ ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿದೆ. ೧೯೮೫ರ ಮಾದಕ ವಸ್ತುಗಳ ಕಾನೂನಿನ ಕೆಳಗೂ ಬರುತ್ತದೆ. ಅದನ್ನು ಮಾರುವದಕ್ಕೆ ಅಂಗಡಿಯವನು ಪ್ರತ್ಯೇಕ ಪರವಾನಿಗೆ ಪಡೆಯಬೇಕು. ಅದಕ್ಕೆಂದೇ ಇಟ್ಟ ಕಪಾಟಿನಲ್ಲಿ ಬೀಗ ಹಾಕಿಡಬೇಕು. ವೈದ್ಯರು ಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು. ಒಂದನ್ನು ಅಂಗಡಿಯವನು ಎರಡು ವರ್ಷ ಕಾಯ್ದಿಡಬೇಕು. ಸಕ್ಕರೆ ಕಾರ್ಖಾನೆಯ ಮದ್ಯಸಾರದ ತೊಟ್ಟಿಗೆ ಅಬಕಾರಿಯವರು ಬೀಗ ಜಡಿಯುವದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ದುರುಪಯೋಗ ಆಗಬಲ್ಲ ವಸ್ತುವಿಗೆ ಬೀಗ ಬೇಕೆಂಬದನ್ನು ನಾನೂ ಒಪ್ಪುತ್ತೇನೆ. ಆದರೆ ವರ್ಷಕ್ಕೆ ನಾಲ್ಕೈದು ಗಿರಾಕಿಗಳು ಬರುವ ಔಷಧಕ್ಕಾಗಿ ತಾಲೂಕಿನ ಅಂಗಡಿಯವನು ಬೇರೆ ಪರವಾನಿಗೆ, ಬೇರೆ ಕಪಾಟು, ಬೇರೆ ಕೀರ್ದಿಗಳನ್ನು ಏಕೆ ಇಟ್ಟಾನು? ಪರಿಣಾಮವಾಗಿ ಬೀಗವು ದುರುಪಯೋಗಕ್ಕೂ ಬೀಳುತ್ತದೆ, ಸದುಪಯೋಗಕ್ಕೂ ಬೀಳುತ್ತದೆ. ೨೦೨೦ರಲ್ಲಿ ಬಂದ ದೂರವೈದ್ಯದ ಮಾರ್ಗಸೂಚಿಗಳು ಫೋನಿನ ಮೇಲೆ ಚೀಟಿ ಬರೆಯಲು ವೈದ್ಯರಿಗೆ ಅನುಮತಿ ಕೊಟ್ಟವಾದರೂ, ಎಕ್ಸ್ ಅನುಸೂಚಿಯ ಔಷಧಗಳನ್ನು ಅದರಿಂದ ಹೊರಗಿಟ್ಟವು. ಅಟೊಮಾಕ್ಸೆಟಿನ್ನಿಗೆ ಈ ಅಡ್ಡಿಗಳಿಲ್ಲ.

ಐದು ತಾಲೂಕುಗಳ ನಕಾಶೆಯನ್ನು ಮುಂದಿಟ್ಟುಕೊಳ್ಳಿರಿ. ನಿಪ್ಪಾಣಿಯವನಿಗೆ ಕೊಲ್ಲಾಪುರ ಸುಮಾರು ೪೦ ಕಿಲೋಮೀಟರು. ಕಾಗವಾಡದವನಿಗೆ ಮೀರಜ ಕಣ್ಣಳತೆಯಲ್ಲೇ ಇದ್ದಂತೆ. ೧೮೯೪ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಆಸ್ಪತ್ರೆ ತೆರೆದಂದಿನಿಂದ ಈ ಭಾಗದ ಜನ ರೋಗವೆಂದರೆ ಮೀರಜದ ಕಡೆಗೆ ಮುಖ ಮಾಡುವದು ಪದ್ಧತಿ. ರಾಯಬಾಗದ ಸ್ಟೇಶನ್ನಿನಲ್ಲಿ ನಿಂತರೆ ಒಂದು ಕಡೆಯ ಗಾಡಿ ಕುಡಚಿ, ಉಗಾರ, ಶೇಡಬಾಳ ದಾಟಿ ಮೀರಜಕ್ಕೆ ಹೋಗುತ್ತದೆ, ಇನ್ನೊಂದು ಕಡೆಯದು ಘಟಪ್ರಭಾ ದಾಟಿ ಬೆಳಗಾವಿಗೆ, ಮುಂದೆ ಧಾರವಾಡಕ್ಕೆ ಹೋಗುತ್ತದೆ. ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆ ನಮ್ಮ ಸೀಮೆಗೆ ಧಾರವಾಡದಲ್ಲಿದೆ. ಅಥಣಿಯ ಪೂರ್ವಕ್ಕಿರುವ ಹಳ್ಳಿಯವನಿಗೆ ಬೆಳಗಾವಿಯೇ ನೂರು ಕಿಲೋಮೀಟರಿಗೂ ಮಿಗಿಲು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮನೋವೈದ್ಯವನ್ನು ಹಳ್ಳಿಯ ಆಸ್ಪತ್ರೆಗೆ ಒಯ್ಯಬಹುದೆಂದು ಮಾಡಿ ತೋರಿಸಿತು. ಆ ಮಾದರಿಯ ಮೇಲೆಯೇ ೧೯೯೬ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಬಂದಿತು. ಕರ್ನಾಟಕವೇ ಹಾಕಿಕೊಟ್ಟ ದಾರಿಯದು. ಅದರ ತುದಿಯಲ್ಲಿರುವ ನಾವು ಅದರ ಉಪಯೋಗವನ್ನು ಕೇಳಿ ಪಡೆಯಬೇಕು. ೨೦೨೨ರಿಂದ ೧೪೪೧೬ ಎಂಬ ಫೋನ್ ಸಂಖ್ಯೆಯಲ್ಲಿ ಟೆಲಿ-ಮಾನಸ್ ಎಂಬ ಸರಕಾರದ ಸೇವೆಯೂ ಇದೆ. ಎಲ್ಲಿಗೆ ಹೋಗಬೇಕೆಂಬದನ್ನಾದರೂ ಅಲ್ಲಿ ಕನ್ನಡದಲ್ಲಿಯೇ ಕೇಳಬಹುದು.

ನನ್ನ ತಮ್ಮನ ಮಾತನ್ನು ಇಲ್ಲಿ ಹೇಳುವದು ಅವಶ್ಯ. ಅವನು ಐದನೆಯ ತರಗತಿಯಲ್ಲಿದ್ದಾಗ ಗಡಿಯಾಚೆಯ ಒಂದು ಊರಿನ ವೈದ್ಯರು, ಮಾಸ್ತರರಿಂದ ಪ್ರಶ್ನಾವಳಿ ತುಂಬಿಸಿ ತರಿಸಿ, ಕಣ್ಣು ಕಿವಿ ನೋಡಿ, ತೊಂದರೆಯನ್ನು ಗುರುತಿಸಿದರು. ಅದಕ್ಕೆ ಮೊದಲು ಎರಡು ತಾಯತಗಳೂ ಲೆಕ್ಕವಿಲ್ಲದಷ್ಟು ಏಟುಗಳೂ ಆಗಿದ್ದವು. ಮಿಥೈಲ್‌ಫೆನಿಡೇಟ್ ಕೊಟ್ಟ ಮೊದಲ ವಾರದಲ್ಲಿಯೇ ಅವನು ಒಂದು ಪುಟ ಶುದ್ಧಬರಹವನ್ನು ಎದ್ದೇಳದೆ ಬರೆದನು. ಅವ್ವ ಆ ಪುಟವನ್ನು ಹರಿದು ದೇವರ ಜಗಲಿಯ ಮೇಲೆ ಇಟ್ಟಳು. ಆದರೆ ಆ ಔಷಧವು ನಮ್ಮ ಊರಿನ ಹತ್ತಿರದ ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲ. ತಿಂಗಳಿಗೊಮ್ಮೆ ಅಪ್ಪ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಚೀಟಿ ಹಳೆಯದಾದರೆ ಹುಡುಗನನ್ನೂ ಕರೆದೊಯ್ಯಬೇಕು. ಗುಳಿಗೆಯ ನಿಜವಾದ ಬೆಲೆಯು ಡಬ್ಬಿಯ ಮೇಲೆ ಅಚ್ಚಾದದ್ದಲ್ಲ. ಅದಕ್ಕೆ ಬಸ್ಸಿನ ಚಾರ್ಜು, ಬಿಟ್ಟ ಕೂಲಿ, ತಪ್ಪಿದ ಶಾಲೆ ಇವೆಲ್ಲವನ್ನೂ ಕೂಡಿಸಬೇಕೆಂದು ನಮ್ಮ ಅರ್ಥಶಾಸ್ತ್ರವೇ ಹೇಳುತ್ತದೆ. ಕಬ್ಬಿನ ಹಂಗಾಮು ಬ್ಯಾಸರವಿಲ್ಲದೆ ನಡೆದ ತಿಂಗಳಲ್ಲಿ ಅಪ್ಪನಿಗೆ ಹೋಗಲಾಗಲಿಲ್ಲ. ಗುಳಿಗೆ ನಿಂತ ಮರುದಿನವೇ ಹುಡುಗ ಹಳೆಯ ಹುಡುಗನಾದನು. ಶಾಲೆಯಲ್ಲಿ, ಇಷ್ಟು ದಿನ ನಾಟಕ ಮಾಡಿದ್ದೆಯಾ ಎಂದು ಅವನನ್ನು ಎಲ್ಲರೆದುರಿಗೆ ಕೇಳಿದರು.

ಎರಡು ಸಲ ಹೀಗಾದ ಮೇಲೆ ವೈದ್ಯರು ಅಟೊಮಾಕ್ಸೆಟಿನ್ನಿಗೆ ಬದಲಿಸಿದರು. ಅದು ನಮ್ಮ ಪೇಟೆಯಲ್ಲಿಯೇ ತರಿಸಿಕೊಡುವಂಥದು. ಮೊದಲ ಹತ್ತು ದಿನ ಕಂಡದ್ದು ವಾಕರಿಕೆ ಮಾತ್ರ. ಅಪ್ಪನು, ಮೊದಲಿನದು ಅರ್ಧ ತಾಸಿನಲ್ಲಿ ಹಿಡಿಯುತ್ತಿತ್ತು, ಇದು ಹತ್ತು ದಿನವಾದರೂ ಹಿಡಿಯಲಿಲ್ಲ, ಸುಳ್ಳು ಔಷಧ ಎಂದು ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಲು ಹೊರಟನು. ಆಗಲೇ ನಾನು ಆ ಮಡಿಚಿದ ಹಾಳೆಯನ್ನು ಬಿಚ್ಚಿ ಕುಳಿತದ್ದು. ರೊಟ್ಟಿ ತಿಂದ ಮೇಲೆ ಕೊಡತೊಡಗಿದೆವು, ವಾಕರಿಕೆ ಇಳಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಎಂಟನೆಯ ವಾರಕ್ಕೆ ಗುರುತು ಹಾಕಿ, ಅಲ್ಲಿಯವರೆಗೆ ಯಾರೂ ಮಾತಾಡಬಾರದೆಂದು ಒಪ್ಪಿಕೊಂಡೆವು. ಆರನೆಯ ವಾರದ ಸುಮಾರಿಗೆ ಅವನು ಮೋಟರು ಬಂದು ಮಾಡಿ ಬಾ ಎಂದರೆ ಬಂದು ಮಾಡಿಯೇ ಬರತೊಡಗಿದನು. ಲೆಕ್ಕದಲ್ಲಿ ಮೊದಲಿನ ಗುಳಿಗೆಯಷ್ಟು ಚುರುಕು ಬಂದಿಲ್ಲವೆಂದು ನಾನು ಒಪ್ಪಲೇಬೇಕು. ಆದರೆ ಸಂಜೆಯ ಹೊತ್ತು ಈಗ ಮನೆಯಲ್ಲಿ ಜಗಳವಿಲ್ಲ, ಮತ್ತು ಒಂದು ಗುಳಿಗೆ ತಪ್ಪಿದರೆ ಮರುದಿನ ಎಲ್ಲವೂ ಕುಸಿಯುವದಿಲ್ಲ.

ನಮ್ಮ ಐದು ತಾಲೂಕುಗಳಲ್ಲಿ ಎರಡನೆಯ ಔಷಧವೇ ಎಷ್ಟೋ ಸಲ ಮೊದಲನೆಯದಾಗುವದು ಗುಣದಿಂದಲ್ಲ, ಬೀಗದಿಂದ ಮತ್ತು ದೂರದಿಂದ ಎಂದು ನಾನು ತಿಳಿಯುತ್ತೇನೆ. ಹಾಗೆ ಆರಿಸಿದ್ದು ತಪ್ಪೇನೂ ಅಲ್ಲ. ಆದರೆ ನಿಧಾನದ ಔಷಧವನ್ನು ಕೊಟ್ಟು, ನಿಧಾನವೆಂದು ಹೇಳದೆ ಕಳಿಸಿದರೆ, ಹತ್ತನೆಯ ದಿನಕ್ಕೆ ಅದು ಹೊರಗೆ ಹೋಗುತ್ತದೆ. ಅದರೊಂದಿಗೆ, ಔಷಧದಿಂದ ಏನೂ ಆಗುವದಿಲ್ಲವೆಂಬ ಮಾತು ಊರಿನಲ್ಲಿ ಉಳಿಯುತ್ತದೆ. ಮುಂದಿನ ಮಗುವನ್ನು ಯಾರೂ ಒಯ್ಯುವದಿಲ್ಲ. ಜ್ವರದ ಗುಳಿಗೆಯಿಂದಲೇ ಔಷಧದ ಕಲ್ಪನೆ ಮಾಡಿಕೊಂಡ ನಮ್ಮಂಥ ಮನೆಗಳಿಗೆ, ಇದು ಬಿತ್ತಿ ಕಾಯುವಂಥದು ಎಂದು ಮೂರು ಮಾತು ಬಿಡಿಸಿ ಹೇಳಲು ವೈದ್ಯರಿಗೆ ಒಂದು ನಿಮಿಷವೂ ಬೇಡ.

ನಶೆಯ ಭಯವನ್ನೂ ಮುಟ್ಟಿ ಬಿಡುತ್ತೇನೆ. ಮಾದಕ ವಸ್ತುಗಳ ಕಾನೂನಿನಲ್ಲಿ ಬರುವ ಔಷಧವೆಂದ ಕೂಡಲೇ ಪಾಲಕರು ಬೆಚ್ಚುತ್ತಾರೆ. ವೈದ್ಯರ ಕೈಕೆಳಗೆ ಬಾಯಿಯಿಂದ ತೆಗೆದುಕೊಂಡ ಮಕ್ಕಳು ಅದರಿಂದಾಗಿ ಮುಂದೆ ವ್ಯಸನಿಗಳಾಗುತ್ತಾರೆಂಬದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಪಾಯವಿರುವದು, ತೊಂದರೆಯಿಲ್ಲದವರು ಪರೀಕ್ಷೆಯ ರಾತ್ರಿಗಳಿಗಾಗಿ ಕದ್ದು ನುಂಗುವದರಲ್ಲಿ. ಅದರಿಂದ ಎಚ್ಚರ ಬರಬಹುದು, ಪಾಠ ಬರುವದಿಲ್ಲ.

ನಮ್ಮ ತರಗತಿಯಲ್ಲಿ ಮುಂದೆ ಬಿ.ಎಡ್. ಮಾಡಿ ಮಾಸ್ತರರಾಗಬೇಕೆನ್ನುವವರು ಅರ್ಧಕ್ಕೂ ಹೆಚ್ಚು ಇದ್ದಾರೆ. ಅವರಿಗೆ ಇದೊಂದು ಮಾತು. ಬೆಳಿಗ್ಗೆ ಕೊಟ್ಟ ಉತ್ತೇಜಕವು ಶಾಲೆಯ ಹೊತ್ತಿಗೆ ಕೆಲಸ ಮಾಡಿ ಸಂಜೆಗೆ ಇಳಿದಿರುತ್ತದೆ. ಅದರ ಗುಣವನ್ನು ಕಾಣುವವರು ಮಾಸ್ತರರು. ಮನೆಯವರು ಕಾಣುವದು ಇಳಿದ ಮೇಲಿನ ಸಿಡುಕನ್ನು ಮತ್ತು ಉಣ್ಣದೆ ಬಿಟ್ಟ ತಾಟನ್ನು. ಔಷಧ ಹಿಡಿಯಿತೇ ಎಂದು ಅಪ್ಪನನ್ನು ಕೇಳಿದರೆ ಇಲ್ಲವೆನ್ನುತ್ತಾನೆ, ಮಾಸ್ತರರನ್ನು ಕೇಳಿದರೆ ಹೌದೆನ್ನುತ್ತಾರೆ, ಇಬ್ಬರೂ ನಿಜ ಹೇಳುತ್ತಾರೆ. ಆದರೆ ವೈದ್ಯರ ಮುಂದೆ ಹೋಗಿ ಕೂಡುವವನು ಅಪ್ಪನೊಬ್ಬನೇ. ತಿಂಗಳಿಗೆ ಒಂದು ಚೀಟಿಯಲ್ಲಿ, ಹುಡುಗ ಎಷ್ಟು ಸಲ ಎದ್ದನು, ಕೊಟ್ಟ ಲೆಕ್ಕದಲ್ಲಿ ಎಷ್ಟು ಮುಗಿಸಿದನು, ಮಧ್ಯಾಹ್ನದ ಊಟ ಮಾಡಿದನೇ ಎಂಬ ಮೂರನ್ನು ಬರೆದು ಅಪ್ಪನ ಕೈಯಲ್ಲಿ ಕೊಟ್ಟರೆ ಸಾಕು. ನಮ್ಮ ತಮ್ಮನ ಈಗಿನ ಮಾಸ್ತರರು ಹಾಗೆ ಬರೆದುಕೊಡುತ್ತಾರೆ, ಅದೂ ಹಾಜರಿ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ. ಹೋದ ಸಲ ವೈದ್ಯರು ಮೊದಲು ಓದಿದ್ದು ಅದನ್ನೇ.